ಗರಡಿ ಮಣ್ಣಿನಿಂದ ಜಿಮ್ಮಿನ ಬಣ್ಣದವರೆಗೆ

ಮೈ ಕಟ್ಟುವುದು, ಮೈ ಸಿಂಗರಿಸುವುದು ಇವತ್ತಿನ ಹುಡುಗರ ಹುಚ್ಚು ಅಂತ ನಮ್ಮ ಕಟ್ಟಿಮ್ಯಾಲಿನ ಹಿರಿಯರು ಬೈತಾರ. ಹುಡುಗರು "ಇದು ಹೊಸಾ ಸೈನ್ಸು, ನಿಮಗ ತಿಳಿಯಂಗಿಲ್ಲ" ಅಂತಾರ. ಎರಡೂ ಮಾತು ಪೂರ್ತಿ ಖರೇ ಅಲ್ಲ. ಮೈ ಕಟ್ಟುವ ಆಸೆ ಬಹಳ ಹಳೇದು. ಮೈಗೆ ಬಣ್ಣ ಬಳಿಯುವ ಆಸೆ ಅದಕ್ಕಿಂತ ಹಳೇದು. ಆದರ ಅದನ್ನ ಅಳೆಯುವ ಅಳತೆ ಬದಲಾಗೇದ. ಆ ಅಳತೆ ಯಾವಾಗ, ಹೆಂಗ ಬದಲಾಯಿತು ಅನ್ನೋದನ್ನ ನಾನು ಕಂಡಷ್ಟು, ಕೇಳಿದಷ್ಟು, ನಮ್ಮ ವಾಚನಾಲಯದಾಗ ಓದಿದಷ್ಟು ಇಲ್ಲಿ ಬರೆಯುತ್ತೇನೆ. ನಮ್ಮ ಜತ್ತ ತಾಲೂಕಿನ ಹಳ್ಳಿಗಳಾಗ ಈಗ ಗರಡಿ ಮನಿ ಬಾಗಿಲು ಮುಚ್ಚಿ ಜಿಮ್ಮಿನ ಬಾಗಿಲು ತೆರೆದಿದ್ದರಿಂದ ಈ ಮಾತು ಬರೀ ಹಳೇ ಕಥಿ ಆಗಿ ಉಳಿದಿಲ್ಲ.

ರಾಜರ ಕಾಲದ ಮಾತು

ನಮ್ಮ ಭಾಗವನ್ನ ಆಳಿದ ಕಲ್ಯಾಣದ ಚಾಲುಕ್ಯರಾಗ ಮೂರನೇ ಸೋಮೇಶ್ವರ ಅನ್ನೋ ರಾಜ ಇದ್ದ. 12ನೇ ಶತಮಾನದವನು. ಅವನ ಕಲ್ಯಾಣ ಅಂದರ ಈಗಿನ ಬಸವಕಲ್ಯಾಣ. ಆತ ಸಂಸ್ಕೃತದಾಗ 'ಮಾನಸೋಲ್ಲಾಸ' ಅನ್ನೋ ದೊಡ್ಡ ಗ್ರಂಥ ಬರೆದ. ಅದರೊಳಗ ಅಡಿಗಿ, ಬೇಟಿ, ಸಂಗೀತ ಎಲ್ಲ ಅದ. ಎಣ್ಣಿ ಹಚ್ಚಿಕೊಂಡು ಜಳಕ ಮಾಡುವುದು, ಗಂಧ ಲೇಪನ ಮಾಡಿಕೊಳ್ಳುವುದು ಹೆಂಗ ಅನ್ನೋದೂ ಅದ. ಮಲ್ಲವಿನೋದ ಅಂತ ಒಂದು ಭಾಗವನ್ನೇ ಕುಸ್ತಿಗೆ ಇಟ್ಟಾನ. ಮಲ್ಲರೊಳಗ ದರ್ಜೆ ಯಾವುವು, ಅವರಿಗೆ ಊಟ ಏನು ಕೊಡಬೇಕು, ಯಾವ ಸಾಮು ಮಾಡಿಸಬೇಕು ಅನ್ನೋದನ್ನ ಬರೆದಾನ. ಅಂದರ ಸುಮಾರು 900 ವರ್ಷದ ಹಿಂದೆಯೇ ನಮ್ಮ ನಾಡಿನಾಗ ಖುರಾಕು, ಸಾಮು, ಮಾಲೀಸು ಮೂರಕ್ಕೂ ಒಂದು ಶಾಸ್ತ್ರ ಇತ್ತು.

ಗರಡಿಯ ಮಾತುಗಳನ್ನು ಕೇಳಿದರೂ ಅದರ ಚರಿತ್ರೆ ತಿಳೀತದ. ಗರಡಿ, ಸಾಮು ನಮ್ಮ ಮಾತು. ದಂಡ ಸಂಸ್ಕೃತದಿಂದ ಬಂತು. ಕುಸ್ತಿ, ಪೈಲ್ವಾನ, ವಸ್ತಾದ ಇವು ಪಾರಸಿ ಕಡೆಯಿಂದ ಬಂದವು. ತಾಲೀಮು ಅರಬ್ಬಿ ಮಾತು, ಕಲಿಸುವುದು ಅಂತ ಅದರ ಅರ್ಥ. ಹಿಂದೂ ಪೈಲ್ವಾನ ಹಣಮಪ್ಪಗ ಕೈ ಮುಗಿದು, ಮುಸಲ್ಮಾನ ಪೈಲ್ವಾನ ಅಲಿಯ ಹೆಸರು ಹೇಳಿ ಒಂದೇ ಮಣ್ಣಿಗೆ ಇಳೀತಿದ್ದರು. ನಮ್ಮ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಜಗಳವಿಲ್ಲದೆ ಕೂಡಿ ಬಾಳಿದ ಜಾಗ ಯಾವುದು ಅಂತ ಕೇಳಿದರ ನಾನು ಗರಡಿ ಮನಿಯನ್ನೇ ತೋರಿಸುತ್ತೇನೆ.

ಹಚ್ಚಿ, ಅರಿಷಿಣ, ಎಣ್ಣಿ

ಮೈ ಸಿಂಗಾರದ ಮಾತು ಬಂದರ ಹೆಣ್ಣುಮಕ್ಕಳದೇ ಅಂತ ತಿಳಿಯಬಾರದು. ನಮ್ಮವ್ವನ ಕಾಲಕ್ಕೆ ಕೊರವರ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಊರಿಗೆ ಬಂದು ಹಚ್ಚಿ ಹಾಕತಿದ್ದರು. ದೀಪದ ಕಾಡಿಗಿಯನ್ನ ಸೊಪ್ಪಿನ ರಸದಾಗ ಕಲಸಿ, ಸೂಜಿ ಕಟ್ಟಿ ಚುಚ್ಚುತಿದ್ದರು. ನೋವು ಮರೀಲಿ ಅಂತ ಹಾಡು ಹೇಳ್ತಿದ್ದರು. ಕೂಲಿ ಅಂದರ ಮೊರದಾಗ ಜೋಳ, ಒಂದು ಹಳೇ ಕುಬಸ. ಹಣಿಮ್ಯಾಲೆ ಬಟ್ಟು, ಮುಂಗೈಮ್ಯಾಲೆ ತುಳಸಿ ಕಟ್ಟಿ, ತೊಟ್ಟಿಲು, ಚೇಳು. "ಸತ್ತಾಗ ಬಂಗಾರ ಬಿಚ್ಚಿಕೋತಾರ, ಹಚ್ಚಿ ಯಾರೂ ಬಿಚ್ಚಿಕೊಳ್ಳಾಂಗಿಲ್ಲ" ಅಂತ ನಮ್ಮವ್ವ ಹೇಳ್ತಿದ್ದಳು. ಬಡವರ ಹೆಣ್ಣುಮಗಳಿಗೆ ಅದೇ ಕಳುವಾಗದ ದಾಗೀನ.

ಗಂಡಸರೂ ಹಿಂದ ಬಿದ್ದಿರಲಿಲ್ಲ. ಜಾತ್ರಿಯಾಗ ಬ್ಯಾಟರಿ ಮಶೀನು ಬಂದ ಮೇಲೆ ತೋಳಿನ ಮ್ಯಾಲೆ ಗದಾ ಹಿಡಿದ ಹಣಮಪ್ಪ, ಮುಂಗೈಮ್ಯಾಲೆ ತಮ್ಮ ಹೆಸರು ಬರೆಸಿಕೊಂಡವರು ನನ್ನ ವಾರಿಗೆಯವರಾಗ ಬಹಳ ಮಂದಿ. ಮದುವಿಯಾಗ ಮದುಮಗನಿಗೂ ಮದುಮಗಳಿಗೂ ಅರಿಷಿಣ ಹಚ್ಚುವುದು, ಹಬ್ಬಕ್ಕೆ ಎಣ್ಣಿ ಹಚ್ಚಿ ಎರೆಯುವುದು, ಬಾಣಂತಿಗೆ ಮತ್ತು ಕೂಸಿಗೆ ದಿನಾ ಎಣ್ಣಿ ತಿಕ್ಕುವುದು, ಇವೆಲ್ಲ ಮೈಯ ಉಪಚಾರಗಳೇ. ಅದರಾಗ ಒಂದು ಗುಣ ಇತ್ತು. ಮೈಗೆ ಹಚ್ಚುವ ವಸ್ತು ಎಲ್ಲ ಅಡಿಗಿಮನಿಯಾಗೋ ಹೊಲದಾಗೋ ಸಿಗತಿತ್ತು, ಹಚ್ಚುವ ಕೈ ಅವ್ವನದೋ ಅಜ್ಜಿಯದೋ ಇರತಿತ್ತು. ಹೆಚ್ಚು ಕಡಿಮೆ ಆದರ ಆ ಕೈಗೆ ತಿಳೀತಿತ್ತು.

ಸ್ಯಾಂಡೋ ಬನಿಯನ್ ಹಿಂದಿನ ಮನುಷ್ಯ

ನಾವು ಅಂಗಡಿಗೆ ಹೋಗಿ "ಸ್ಯಾಂಡೋ ಬನಿಯನ್ ಕೊಡ್ರಿ" ಅಂತೀವಿ. ಸ್ಯಾಂಡೋ ಅನ್ನೋದು ಒಬ್ಬ ಮನುಷ್ಯನ ಹೆಸರು. ಯೂಜೆನ್ ಸ್ಯಾಂಡೋ, 1867ರಲ್ಲಿ ಆಗಿನ ಪ್ರಷ್ಯಾ ದೇಶದಾಗ ಹುಟ್ಟಿದವನು. ಮೊದಲು ಭಾರ ಎತ್ತಿ, ಸರಪಳಿ ಹರಿದು ಮಂದಿಗೆ ತೋರಿಸುತಿದ್ದ. ಆಮೇಲೆ ಮಂದಿ ಭಾರಕ್ಕಿಂತ ತನ್ನ ಮೈಯನ್ನೇ ನೋಡುತಾರ ಅನ್ನೋದು ಅವನಿಗೆ ತಿಳೀತು. ಮೈಗೆ ಬಿಳಿ ಪುಡಿ ಬಳಿದುಕೊಂಡು ಅಮೃತಶಿಲೆಯ ಮೂರ್ತಿಯಂಗ ನಿಂತು ತೋರಿಸತೊಡಗಿದ. ಬಣ್ಣ ಬಳಿದು ಮೈ ತೋರಿಸುವ ಪದ್ಧತಿ ಇವತ್ತಿನದಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಾಗ ಸ್ಯಾಂಡೋ ಮೈಕಟ್ಟಿನ ಒಂದು ದೊಡ್ಡ ಸ್ಪರ್ಧೆ ಇಟ್ಟ. ಇಂಥ ದೊಡ್ಡ ಸ್ಪರ್ಧೆಗಳಾಗ ಅದೇ ಮೊದಲನೇದು ಅಂತಾರ. ತೀರ್ಪು ಕೊಡಲಿಕ್ಕೆ ಸ್ಯಾಂಡೋನ ಸಂಗಾಟ ಒಬ್ಬ ಶಿಲ್ಪಿ, ಮತ್ತು ಷರ್ಲಾಕ್ ಹೋಮ್ಸ್ ಕಥಿ ಬರೆದ ಆರ್ಥರ್ ಕೊನನ್ ಡಾಯ್ಲ್ ಕುಂತಿದ್ದರು. ಕೊನನ್ ಡಾಯ್ಲ್ ಸ್ವತಃ ಡಾಕ್ಟರು. ಇಲ್ಲಿ ಗುರುಗಳು ಮಕ್ಕಳಿಗೆ ಹೇಳಬೇಕಾದ ಮಾತೊಂದು ಅದ. ಆ ಸ್ಪರ್ಧೆಯಾಗ ಬರೀ ಸ್ನಾಯು ಎಷ್ಟು ದಪ್ಪ ಅಂತ ನೋಡಲಿಲ್ಲ. ಮೈಯೆಲ್ಲ ಸಮ ಬೆಳೆದದ ಏನು, ಚರ್ಮ ಚಲೋ ಅದ ಏನು, ಒಟ್ಟು ಆರೋಗ್ಯ ಹೆಂಗ ಅದ ಅನ್ನೋದನ್ನೂ ಲೆಕ್ಕಕ್ಕ ಹಿಡಿದರು. ಅಂದರ ಈ ಸ್ಪರ್ಧೆಯ ಹುಟ್ಟಿನಾಗ ಆರೋಗ್ಯಕ್ಕೂ ಅಂಕ ಇತ್ತು. ಈ ಮಾತು ನೆನಪಿಡ್ರಿ, ಮುಂದ ಬೇಕಾಗತದ.

1904-05ರ ಸುಮಾರು ಸ್ಯಾಂಡೋ ಹಿಂದುಸ್ತಾನಕ್ಕ ಬಂದು ದೊಡ್ಡ ಶಹರಗಳಾಗ ಪ್ರಯೋಗ ತೋರಿಸಿದ. ಅದಕ್ಕಿಂತ ಮೊದಲೇ ಅವನ ಪುಸ್ತಕ, ಸಾಮಾನು ಇಲ್ಲಿ ಬಂದಿದ್ದವು. ಔಂಧ ಸಂಸ್ಥಾನದ ರಾಜಾ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಮೊದಲು ಮಾಡಿದ್ದು ಸ್ಯಾಂಡೋನ ಸಾಧನೆಯನ್ನೇ. ನಮ್ಮ ಸಾಂಗ್ಲಿ ಜಿಲ್ಲೆಯ ಆಟಪಾಡಿ ಆಗ ಅವರ ಸಂಸ್ಥಾನದಾಗ ಇತ್ತು. ಆಮೇಲೆ ಅವರು ಸೂರ್ಯನಮಸ್ಕಾರಕ್ಕ ತಿರುಗಿದರು, ಅದರ ಮ್ಯಾಲೆ ಪುಸ್ತಕ ಬರೆದರು, ಸಾಲಿ ಹುಡುಗರಿಗೂ ಹುಡುಗಿಯರಿಗೂ ಕಲಿಸಿದರು. ಕಾಸು ಖರ್ಚಿಲ್ಲ, ಸಾಮಾನು ಬೇಕಿಲ್ಲ, ಒಂದು ಚಾಪಿಯಷ್ಟು ಜಾಗ ಸಾಕು. ಇವತ್ತು ನಮ್ಮ ಸಾಲಿಯಾಗ ಮಕ್ಕಳು ಹಾಕುವ ಸೂರ್ಯನಮಸ್ಕಾರದ ಹಿಂದ ಆ ರಾಜರ ಶ್ರಮ ಅದ.

ಬೆಂಗಳೂರಿನಾಗ ಇದೇ ಕೆಲಸ ಮಾಡಿದವರು ಕೆ. ವಿ. ಅಯ್ಯರ್. 1897ರಲ್ಲಿ ಹುಟ್ಟಿದರು, 1980ರ ತನಕ ಬಾಳಿದರು. ವ್ಯಾಯಾಮಶಾಲೆ ನಡೆಸಿದರು. ಬಾರ್ಬೆಲ್ಲಿನ ಸಂಗಾಟ ಹಠಯೋಗ, ಸೂರ್ಯನಮಸ್ಕಾರ ಕೂಡಿಸಿ ಕಲಿಸಿದರು. ಅಂಚೆಯಲ್ಲಿ ಪಾಠ ಕಳಿಸಿ ದೂರದವರಿಗೂ ಹೇಳಿಕೊಟ್ಟರು. ಅವರ ಮೈಕಟ್ಟಿನ ಫೋಟೋ ಪರದೇಶದ ಪತ್ರಿಕೆಗಳಾಗ ಬಂದವು. ಅದೇ ಮನುಷ್ಯ ಕನ್ನಡದಾಗ 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದಾರ. 'ರೂಪದರ್ಶಿ' ನಮ್ಮ ವಾಚನಾಲಯದ ಕಪಾಟಿನಾಗ ಅದ, ಓದದವರು ಓದ್ರಿ. ಬಾಲಕನಿದ್ದಾಗ ಯೇಸುವಿನ ಮುಖಕ್ಕ ಮಾದರಿಯಾದ ಚೆಲುವ ಮುಂದ ದೊಡ್ಡವನಾಗಿ ಜೂದಾಸನ ಮುಖಕ್ಕ ಮಾದರಿಯಾಗುವ ಕಥಿ ಅದು. ಜೀವನಪೂರ್ತಿ ಮೈ ಕಟ್ಟುವುದನ್ನ ಕಲಿಸಿದವರು, ಮುಖದ ಚೆಲುವು ನಡತೆಯಿಂದ ಹೆಂಗ ಕೆಡತದ ಅಂತ ಬರೆದದ್ದು ನನಗ ಬಹಳ ದೊಡ್ಡ ಮಾತು ಅನಸ್ತದ.

ಸ್ವಾತಂತ್ರ್ಯ ಬಂದ ಮೇಲೆ ಬಂಗಾಲದ ಮನೋತೋಷ ರಾಯ್ 1951ರಲ್ಲಿ, ಮನೋಹರ ಐಚ್ 1952ರಲ್ಲಿ ಲಂಡನ್ನಿನ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಾಗ ತಮ್ಮ ತಮ್ಮ ವಿಭಾಗ ಗೆದ್ದರು. ಐಚ್ ಅವರ ಎತ್ತರ ಐದು ಫೂಟಿಗಿಂತ ಒಂದು ಇಂಚು ಕಡಿಮೆ. ಬ್ರಿಟಿಷರ ವಾಯುದಳದಾಗ ಇದ್ದಾಗ ಒಬ್ಬ ಗೋರಾ ಅಧಿಕಾರಿಗೆ ಹೊಡೆದು ಜೇಲಿಗೆ ಹೋದರು, ಜೇಲಿನಾಗೇ ಸಾಮು ಮಾಡಿ ಮೈ ಕಟ್ಟಿದರು. ಅನ್ನ, ಬ್ಯಾಳಿ, ಮೀನ, ಹಾಲು, ಹಣ್ಣು ಉಂಡು ನೂರು ವರ್ಷ ದಾಟಿ ಬಾಳಿ 2016ರಲ್ಲಿ ತೀರಿಕೊಂಡರು. ಮೈ ಕಟ್ಟಿದವರು ಬಾಳಲಿಕ್ಕೂ ಬಾಳಿದರು ಅನ್ನೋದಕ್ಕೆ ಅವರ ಹೆಸರು ಹೇಳಬೇಕು.

ಕುಸ್ತಿಯ ಸೀಮೆ

ನಮ್ಮ ಕಡೆ ಮೈ ಕಟ್ಟಿದ್ದು ತೋರಿಸಲಿಕ್ಕೆ ಅಲ್ಲ, ಕುಸ್ತಿಗೆ. ಇದಕ್ಕ ದೊಡ್ಡ ಆಸರ ಕೊಟ್ಟವರು ಕೊಲ್ಹಾಪುರದ ಶಾಹೂ ಮಹಾರಾಜರು. 1902ರಲ್ಲಿ ಪರದೇಶಕ್ಕ ಹೋದಾಗ ರೋಮಿನ ಹಳೇ ಕೊಲೋಸಿಯಂ ನೋಡಿ ಬಂದು, ಅದೇ ನಮೂನಿ 1912ರಲ್ಲಿ ಕೊಲ್ಹಾಪುರದಾಗ ಖಾಸಬಾಗ ಮೈದಾನ ಕಟ್ಟಿಸಿದರು. ಯಾವ ಮೂಲ್ಯಾಗ ಕುಂತರೂ ನಡುವಿನ ಕೆಂಪು ಮಣ್ಣು ಕಾಣತದ. ಪೈಲ್ವಾನರಿಗೆ ಖುರಾಕು ಕೊಟ್ಟರು, ತಾಲೀಮು ಕಟ್ಟಿಸಿದರು. ಅದೇ ಕೊಲ್ಹಾಪುರದ ಮಣ್ಣಿನಾಗ ತಯಾರಾದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿ ಆದರು. ಅವರ ಹುಟ್ಟೂರು ಬೆಳಗಾವಿ ಜಿಲ್ಲೆಯ ಯಕ್ಸಂಬಾ. ಗಡಿ ಆ ಕಡೆ ಹುಟ್ಟಿ ಈ ಕಡೆ ಬೆಳೆದವರು, ಎರಡೂ ಕಡೆಯವರು ನಮ್ಮವರು ಅಂತಾರ. ಕರಾಡ ಹತ್ತಿರದ ಗೋಳೇಶ್ವರ ಊರಿನ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಾಗ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕ ಒಬ್ಬ ಆಟಗಾರ ತಾನೊಬ್ಬನೇ ಆಡಿ ತಂದ ಮೊದಲ ಪದಕ ಅದು. ಅವರು ಹೋಗಲಿಕ್ಕೆ ಊರವರು ಚಂದಾ ಎತ್ತಬೇಕಾಯಿತು.

ನಮ್ಮೂರ ತಾಲೀಮು ಹಣಮಪ್ಪನ ಗುಡಿ ಹಿಂದ ಇತ್ತು. ಬಾಗಿಲು ಗಿಡ್ಡ, ಬಗ್ಗಿ ಹೋಗಬೇಕು. "ಒಳಗ ಬರೋವಾಗ ತಲಿ ಬಗ್ಗಲಿ, ಹೊರಗ ಹೋಗೋವಾಗೂ ತಲಿ ಬಗ್ಗಲಿ" ಅಂತ ವಸ್ತಾದ್ರು ಹೇಳ್ತಿದ್ದರು. ಕೆಂಪು ಮಣ್ಣು ಜರಡಿ ಹಿಡಿದು, ಅದರಾಗ ಎಣ್ಣಿ, ಮಜ್ಜಿಗಿ, ಅರಿಷಿಣ, ನಿಂಬಿಹಣ್ಣಿನ ರಸ, ಕರ್ಪೂರ ಹಾಕಿ ಕಲಸುತಿದ್ದಿವಿ. ಕೆತ್ತಿದ ಗಾಯಕ್ಕ ಆ ಮಣ್ಣನ್ನೇ ಒತ್ತುತಿದ್ದಿವಿ. ಈಗಿನ ಡಾಕ್ಟರು ಅದಕ್ಕ ಒಪ್ಪಾಂಗಿಲ್ಲ, ಧನುರ್ವಾಯು ಸೂಜಿ ಹಾಕಿಸ್ಕೋರಿ ಅಂತಾರ, ಅವರ ಮಾತೇ ಖರೆ.

ನಾನು ಏಳನೆತ್ತೆ ಮುಗಿಸಿದ ವರ್ಷವೇ 1972ರ ಬರ ಬಿತ್ತು. ಸರಕಾರದ ಬರಗಾಲದ ಕೆಲಸದಾಗ ಖಡಿ ಒಡೆದಿವಿ, ಕೆರಿ ಹೂಳೆತ್ತಿದಿವಿ, ಸುಕಡಿ ತಿಂದಿವಿ, ಪರದೇಶದಿಂದ ಬಂದ ಮೈಲೋ ಜೋಳದ ಕೆಂಪು ರೊಟ್ಟಿ ತಿಂದಿವಿ. ಆಗ ವಸ್ತಾದ್ರು ತಾಲೀಮಿಗೆ ಕೀಲಿ ಹಾಕಿದರು. "ಅರ್ಧಾ ಹೊಟ್ಟಿಮ್ಯಾಲೆ ಖಡಿ ಒಡೆಯೋ ಮೈಗೆ ದಂಡ ಹೊಡಸಂಗಿಲ್ಲ. ಹೊಟ್ಟಿ ತುಂಬಿದ ದಿನ ಬರ್ರಿ" ಅಂದರು. ಎರಡು ವರ್ಷ ಕೀಲಿ ತೆಗೀಲಿಲ್ಲ. ಕೂಳು ಇಲ್ಲದಾಗ ಸಾಮು ಇಲ್ಲ, ಇದು ಅವರ ಮೊದಲ ಕಾನೂನು.

1976ರ ಜಾತ್ರಿಗೆ ನನ್ನ ಕುಸ್ತಿ ಕಟ್ಟಿದರು. ತಯಾರಿ 40 ದಿನದ್ದು. ನಸುಕಿನ ನಾಕಕ್ಕ ಎದ್ದು ಸಲಿಕಿ ಹಿಡಿದು ಅಖಾಡದ ಮಣ್ಣು ಅಗೀಬೇಕು, ಅದೇ ಮೊದಲ ಸಾಮು. ಆಮೇಲೆ 300 ದಂಡ, 500 ಬಸ್ಕಿ, ಕರೇಲಿ ತಿರುವುದು, ಮಲ್ಲಗಂಬ. ಆಮೇಲೆ ಹೊಲದ ಕೆಲಸ. ಸಂಜಿಗೆ ಜೋಡಿ ಕುಸ್ತಿ, ರಾತ್ರಿ ಇಬ್ಬರು ಹುಡುಗರಿಂದ ಎಣ್ಣಿ ಮಾಲೀಸು. ಶ್ರೀಮಂತರ ಮಕ್ಕಳಿಗೆ ಬದಾಮಿ ಥಂಡಾಯಿ, ತುಪ್ಪ. ನಮಗ ಶೇಂಗಾ ಬೆಲ್ಲ, ಮೊಳಕಿ ಬಂದ ಹೆಸರು, ಜೋಳದ ರೊಟ್ಟಿ, ಎಮ್ಮಿ ಹಾಲು. ತೂಕ ನೋಡಲಿಕ್ಕೆ ಅಡತಿ ಅಂಗಡಿಯ ದೊಡ್ಡ ತಕ್ಕಡಿ. ಮೊದಲ ದಿನ 58 ಕಿಲೋ, ನಲವತ್ತನೇ ದಿನ 61 ಕಿಲೋ. ಮೂರು ಕಿಲೋ ಏರಲಿಕ್ಕೆ ನಲವತ್ತು ದಿನ. ವಸ್ತಾದ್ರು ಅದಕ್ಕ ಸಮಾಧಾನದಿಂದ ತಲಿ ಹಾಕಿದರು. "ಲಗೂ ಏರಿದ್ದು ಲಗೂ ಇಳೀತದ" ಅಂದರು.

ಕುಸ್ತಿ ಹಲಗಿ ಸಪ್ಪಳದಾಗ ಅರ್ಧಾ ತಾಸು ನಡೆದು ಬರಾಬರಿ ಆಯಿತು. ಪಂಚರು ಇಬ್ಬರಿಗೂ ಫೇಟಾ ಸುತ್ತಿದರು. ಮರುದಿನ ಮುಂಜಾನೆ ವಸ್ತಾದ್ರು ನಮ್ಮ ಹೊಲಕ್ಕೇ ಬಂದು ನಾನು ಕುಂಟಿ ಹೊಡೆಯೋದನ್ನ ನೋಡಿ ಹೋದರು. ಕುಸ್ತಿ ಆಡಿದ ಮರುದಿನ ಮೈ ಕೆಲಸಕ್ಕ ಏಳತದೋ ಇಲ್ಲೋ ಅನ್ನೋದು ಅವರ ಅಳತಿ. ಲಂಡನ್ನಿನ ಪಂಚರು ಆರೋಗ್ಯಕ್ಕ ಕೊಟ್ಟ ಅಂಕವನ್ನೇ ನಮ್ಮ ವಸ್ತಾದ್ರು ಹೊಲದಾಗ ನಿಂತು ಕೊಡತಿದ್ದರು.

ಗರಡಿಯಾಗ ಎಲ್ಲ ಬಂಗಾರ ಇತ್ತು ಅಂತ ನಾನು ಹೇಳಾಂಗಿಲ್ಲ. ಎಷ್ಟೋ ಊರಾಗ ಹೊಲಗೇರಿ ಹುಡುಗರನ್ನ ಒಳಗ ಬಿಡತಿರಲಿಲ್ಲ. ಹೆಣ್ಣುಮಕ್ಕಳ ನೆರಳೂ ಬೀಳಬಾರದು ಅಂತಿದ್ದರು. ವಯಸ್ಸಿನಾಗ ಹಲಗಿ ಬಾರಿಸಿ ಮೆರೆಸಿದ ಪೈಲ್ವಾನನ್ನ ಮುಪ್ಪಿನಾಗ ಯಾರೂ ಕೇಳತಿರಲಿಲ್ಲ. ಮೊಣಕಾಲು ಹೋಗಿ, ಕಿವಿ ಮುದುಡಿ, ತಿನ್ನುವ ಚಟ ಹೋಗದೆ ಸಾಲ ಮಾಡಿದವರನ್ನ ನಾನು ಕಂಡೀನಿ. ಈಗ ಕಾಲ ತಿರುಗೇದ. 2016ರಲ್ಲಿ ಸಾಕ್ಷಿ ಮಲಿಕ್ ರಿಯೋ ಒಲಿಂಪಿಕ್ಸಿನಾಗ ಕಂಚು ತಂದಳು. 2023ರಲ್ಲಿ ನಮ್ಮ ಸಾಂಗ್ಲಿಯಾಗೇ ಹೆಣ್ಣುಮಕ್ಕಳ ಮೊದಲ ಮಹಾರಾಷ್ಟ್ರ ಕೇಸರಿ ಕುಸ್ತಿ ಆಗಿ, ಸಾಂಗ್ಲಿಯ ಪ್ರತೀಕ್ಷಾ ಬಾಗಡಿ ಗೆದ್ದಳು.

ಔಷಧ ಬಂದ ದಾರಿ

ಮೈ ಕಟ್ಟುವ ಚರಿತ್ರೆಯಾಗ ದೊಡ್ಡ ತಿರುವು ಗರಡಿಯಾಗೂ ಆಗಲಿಲ್ಲ, ಜಿಮ್ಮಿನಾಗೂ ಆಗಲಿಲ್ಲ. ಔಷಧ ತಯಾರಿಸುವ ಮನಿಯಾಗ ಆಯಿತು. ಗಂಡಸಿನ ಮೈಯಾಗ ತಾನೇ ಹುಟ್ಟುವ ಟೆಸ್ಟೋಸ್ಟೆರಾನ್ ಅನ್ನೋ ರಸವನ್ನ 1935ರಲ್ಲಿ ವಿಜ್ಞಾನಿಗಳು ಹೊರಗ ತಯಾರು ಮಾಡಿದರು. ಆ ಸಂಶೋಧನೆಗೆ 1939ರ ನೊಬೆಲ್ ಬಹುಮಾನ ಬಂತು. ಕಾಯಿಲೆಯಿಂದ ಸೊರಗಿದವರಿಗೆ ಬೇಕಾದ ಔಷಧ ಅದು. 1958ರ ಸುಮಾರು ಅದೇ ಜಾತಿಯ ಗುಳಿಗಿ ಅಮೇರಿಕಾದ ಪೇಟೆಗೆ ಬಂದು, ಭಾರ ಎತ್ತುವವರ ಕೈಗೆ ಸಿಕ್ಕಿತು. ಇದಕ್ಕೇ ಸ್ಟೆರಾಯ್ಡ್ ಅಂತಾರ. 1976ರ ಒಲಿಂಪಿಕ್ಸಿನಾಗ ಇದಕ್ಕಾಗಿ ಪರೀಕ್ಷೆ ಸುರುವಾಯಿತು. 1988ರಲ್ಲಿ ನೂರು ಮೀಟರ್ ಓಟ ಗೆದ್ದ ಬೆನ್ ಜಾನ್ಸನ್ ಸಿಕ್ಕಿಬಿದ್ದು ಬಂಗಾರ ಕಳಕೊಂಡ.

ಅದು ಮಾಡುವ ಕೆಲಸವನ್ನ ಒಬ್ಬ ಡಾಕ್ಟರು ನನಗ ರೈತನ ಭಾಷೆಯಾಗ ತಿಳಿಸಿದರು. "ಹೊರಗಿನ ನೀರು ಪೈಪಿನಿಂದ ಬಂದು ಬಿದ್ದರ ನಿಮ್ಮ ಬಾವಿ ಸೆಲಿ ಬತ್ತಿದಂಗ" ಅಂದರು. ಹೊರಗಿಂದ ರಸ ಬಂತು ಅಂದರ ಮೈ ತನ್ನ ರಸ ಮಾಡುವುದನ್ನ ನಿಲ್ಲಸತದ. ಬೀಜ ಸಣ್ಣಾಗತಾವ, ಮಕ್ಕಳಾಗುವುದು ತೊಂದರೆ ಆಗತದ, ಗಂಡಸಿಗೆ ಎದಿ ಉಬ್ಬತದ, ಮೈತುಂಬ ಮೊಡವಿ ಏಳತಾವ. ಕಾಣದಂಗ ಹೃದಯ ದಪ್ಪಾಗತದ, ಯಕೃತ್ತು ಕೆಡತದ. ಕನ್ನಡಿಯಾಗ ಕಾಣುವುದು ತೋಳು ಒಂದೇ.

ಈಗ ಸ್ಪರ್ಧೆಯ ತಯಾರಿ ಹೆಂಗ ನಡೀತದ ಅಂತ ಕೇಳ್ರಿ. ಮೊದಲು ಕೆಲವು ತಿಂಗಳು ಬಹಳ ತಿಂದು ಮೈ ಉಬ್ಬಿಸುವುದು. ಆಮೇಲೆ ಮೂರು ನಾಕು ತಿಂಗಳು ರೊಟ್ಟಿ, ಅನ್ನ, ಎಣ್ಣಿ ಕಡಿಮೆ ಮಾಡಿ ಕೊಬ್ಬು ಕರಗಿಸುವುದು. ಕಡೀ ವಾರ ಉಪ್ಪು ಬಿಡುವುದು, ಕಡೀ ಎರಡು ದಿನ ನೀರು ಬಿಡುವುದು. ಮೈಮ್ಯಾಲಿನ ಕೂದಲು ತೆಗೆದು, ಕರೀ ಕಂದು ಬಣ್ಣವನ್ನ ಎರಡು ಮೂರು ಸಲ ಬಳೆಯುವುದು, ದೀಪದ ಬೆಳಕಿನಾಗ ಸ್ನಾಯುವಿನ ಗೆರಿ ಕಾಣಲಿ ಅಂತ. ಮ್ಯಾಲೆ ಎಣ್ಣಿ. ಚರ್ಮದ ಕೆಳಗಿನ ನೀರು ಹೋದರ ಚರ್ಮ ತೆಳ್ಳಗಾಗಿ ನರ ಎದ್ದು ಕಾಣತಾವ. ಅದಕ್ಕಾಗಿ ಕೆಲವರು ಬಾವು, ಬಿಪಿ ಇದ್ದವರಿಗೆ ಕೊಡುವ, ಮೂತ್ರ ಹೆಚ್ಚು ಹೋಗುವ ಗುಳಿಗಿ ನುಂಗತಾರ. ನೀರಿನ ಸಂಗಾಟ ಮೈಗೆ ಬೇಕಾದ ಪೊಟ್ಯಾಸಿಯಂ ಅನ್ನೋ ಲವಣವೂ ಹೋಗತದ, ಹೃದಯದ ತಾಳ ತಪ್ಪತದ. ಮೊಹಮ್ಮದ್ ಬೆನಜೀಜಾ ಅನ್ನೋ ಹೆಸರಾಂತ ಪಟು 1992ರಲ್ಲಿ ಹಾಲೆಂಡಿನಾಗ ಸ್ಪರ್ಧೆ ಗೆದ್ದ ಕೆಲವೇ ತಾಸಿನಾಗ ಹಿಂಗೇ ಸತ್ತ. ವೇದಿಕಿಮ್ಯಾಲೆ ಬಲಭೀಮನಂಗ ಕಾಣುವ ಆ ದಿನವೇ ಒಳಗಿನ ಮೈ ಎಲ್ಲಕ್ಕಿಂತ ಸೋತಿರತದ. 1901ರಲ್ಲಿ ಆರೋಗ್ಯಕ್ಕ ಇದ್ದ ಅಂಕ ಇಲ್ಲಿ ಅಳಿಸಿ ಹೋಗೇದ.

ನಮ್ಮ ಓಣಿಯಾಗ

ಇದು ದೂರದ ಹಾಲೆಂಡಿನ ಕಥಿ ಅಂತ ಬಿಡುವಂತಿಲ್ಲ. ನಮ್ಮ ಓಣಿಯ ಒಬ್ಬ ಹುಡುಗ, 23ರ ವಯಸ್ಸು, ಹೆಸರು ಬೇಡ. ಜಿಮ್ಮಿಗೆ ಹೋಗಿ ಆರು ತಿಂಗಳಿಗೆ 14 ಕಿಲೋ ಏರಿದ. ಸ್ಪರ್ಧೆಗೆ ಹೆಸರು ಕೊಟ್ಟ. ಪ್ರೋಟೀನ್ ಪುಡಿಯ ಡಬ್ಬಿಗಾಗಿ ಅವರಪ್ಪ ಎಮ್ಮಿ ಮಾರಿದ. ಆ ಪುಡಿ ಅಂದರ ಹಾಲು ಒಡೆಸಿದಾಗ ಉಳಿಯುವ ನೀರನ್ನ ಒಣಗಿಸಿದ್ದು. ಅದು ವಿಷ ಅಲ್ಲ, ಆದರ ಹಾಲು ಕೊಡುವ ಎಮ್ಮಿ ಮಾರಿ ಹಾಲಿನ ಪುಡಿ ಕೊಂಡಂಗಾಯಿತು. ಡಬ್ಬಿಯ ಸಂಗಾಟ ಸೂಜಿಯೂ ಬಂದಿತ್ತು. ಒಂದು ಸ್ಟೆರಾಯ್ಡ್, ಇನ್ನೊಂದು ಮೆಫೆಂಟರ್ಮಿನ್. ಈ ಎರಡನೇದು ಆಪರೇಶನ್ ಮಾಡುವಾಗ ರೋಗಿಯ ಬಿಪಿ ಬಿದ್ದರ ಏರಿಸಲಿಕ್ಕೆ ಡಾಕ್ಟರು ಹಾಕುವ ಮದ್ದು. ದಣಿವು ತಿಳಿಯಬಾರದು ಅಂತ ಹುಡುಗರು ಚುಚ್ಚಿಕೋತಾರ.

ಸ್ಪರ್ಧೆಯಾಗ ಮೂರನೇ ನಂಬರು ಬಂತು. ಅದೇ ರಾತ್ರಿ ಮನಿಗೆ ಬಂದವನಿಗೆ ಕೈಕಾಲು ಸೆಟೆದವು, ವಾಂತಿ ಆಯಿತು, ಎಚ್ಚರ ತಪ್ಪಿತು. ಟಮಟಮದಾಗ ಹಾಕಿಕೊಂಡು ದವಾಖಾನಿಗೆ ಹೋದಿವಿ, ನಾನೂ ಇದ್ದೆ. ಬಳೆದ ಬಣ್ಣ ಬೆವರಿಗೆ ಕರಗಿ ಅವರವ್ವನ ಸೆರಗೆಲ್ಲ ಕಂದು ಆಗಿತ್ತು. ನರ್ಸಬಾಯಿ ಸಲಾಯಿನ್ ಹಚ್ಚಲಿಕ್ಕೆ ಮೊದಲು ಕೈ ತೊಳೆದು ಬಣ್ಣ ತೆಗೀಬೇಕಾಯಿತು. ಕಿಡ್ನಿಗೆ ಪೆಟ್ಟು ಬಿದ್ದದ ಅಂದರು. ಎಂಟು ದಿನಕ್ಕ ಮನಿಗೆ ಬಂದ. ಮೂತ್ರ, ರಕ್ತ ಈಗಲೂ ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಮುಂದ ಒಂದು ದಿನ ನಮ್ಮ ಹೊಲಕ್ಕ ಬಂದು ಕುಂತ. "ಕಾಕಾ, ನನಗ ಯಾರೂ ಜೋರ ಮಾಡಿರಲಿಲ್ಲ. ಲಗೂ ಆಗಬೇಕಿತ್ತು. ಫೋನಿನಾಗ ನೋಡಿದವರೆಲ್ಲ ಮೂರು ತಿಂಗಳದಾಗ ಆಗ್ಯಾರ" ಅಂದ.

"ತಮ್ಮಾ, ಫೋನಿನಾಗ ಅವರ ಮರುದಿನ ತೋರಸತಾರೇನು?" ಅಂದೆ.

ಅವನು ತಲಿ ಅಲ್ಲಾಡಿಸಿದ. ಇದನ್ನ ಬರೀಲೇನು ಅಂತ ಕೇಳಿದಾಗ, "ಹೆಸರು ಬಿಟ್ಟು ಎಲ್ಲ ಬರೀರಿ ಕಾಕಾ" ಅಂತ ಅವನೇ ಹೇಳಿದ.

ಬಣ್ಣದ ಸೂಜಿ, ಬಿಳಿ ಕ್ರೀಮು

ಸೂಜಿಯ ಹಂಗೇ ಕ್ರೀಮಿನ ಕಥಿಯೂ ಅದ. ಹೆಣ್ಣುಮಕ್ಕಳು ಬೆಳ್ಳಗಾಗಲಿಕ್ಕೆ ಅಂತ ಔಷಧ ಅಂಗಡಿಯಿಂದ ಚೀಟಿ ಇಲ್ಲದೆ ಕ್ರೀಮು ತರತಾರ. ಅದರಾಗ ಕೆಲವಕ್ಕ ಚರ್ಮರೋಗಕ್ಕ ಕೊಡುವ ಸ್ಟೆರಾಯ್ಡ್ ಕೂಡಿರತದ. ಮೊದಲ ತಿಂಗಳು ಮುಖ ಹೊಳೀತದ. ಆಮೇಲೆ ಚರ್ಮ ತೆಳ್ಳಗಾಗಿ ಬಿಸಿಲಿಗೆ ಉರೀತದ, ಕೆಂಪಾಗತದ, ಬಿಟ್ಟರ ಇನ್ನೂ ಹೆಚ್ಚಾಗತದ. 2018ರಲ್ಲಿ ಸರಕಾರ ಇಂಥ ಕ್ರೀಮುಗಳನ್ನ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕಾನೂನು ಬಿಗಿ ಮಾಡೇದ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅನ್ನೋ ಗಾದಿ ಮುಖಕ್ಕೂ ಹೊಂದತದ. ಹೊಲದಾಗ ದುಡಿಯುವವರ ಮೈ ಬಿಸಿಲಿನ ಬಣ್ಣದ್ದೇ ಇರತದ, ಅದು ಕಾಯಿಲೆ ಅಲ್ಲ.

ಹಚ್ಚಿಯದೂ ಕಾಲ ಬದಲಾಗೇದ. ಶಹರಕ್ಕ ಹೋದ ಹುಡುಗರು ತೋಳು, ಕುತ್ತಿಗಿ ತುಂಬ ಟ್ಯಾಟೂ ಹಾಕಿಸಿಕೊಂಡು ಬರತಾರ. ಆಮೇಲೆ ಫೌಜಿಗೆ ಹೋಗಬೇಕು ಅಂದಾಗ ಅದು ಅಡ್ಡ ಬರತದ. ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟರ ಬೇರೆ ಕಡೆಯ ಟ್ಯಾಟೂಕ್ಕ ಫೌಜಿನಾಗ ಒಪ್ಪಿಗಿ ಇಲ್ಲ, ಬುಡಕಟ್ಟಿನವರಿಗೆ ಮಾತ್ರ ಸಡಿಲ ಅದ. ಆಗ ಲೇಸರ್ ಮಾಡಿಸಲಿಕ್ಕೆ ಓಡತಾರ. ಲೇಸರ್ ಬೆಳಕು ಬಣ್ಣವನ್ನ ಸಣ್ಣ ಪುಡಿ ಮಾಡತದ, ಮೈ ಅದನ್ನ ಸಾವಕಾಶ ಹೊರಗ ಹಾಕತದ. ಒಂದು ಸಲಕ್ಕ ಆಗಾಂಗಿಲ್ಲ, ವಾರಗಳ ಅಂತರ ಬಿಟ್ಟು ಬಹಳ ಸಲ ಹೋಗಬೇಕು. ಹಾಕುವ ಖರ್ಚಿಗಿಂತ ತೆಗೆಯುವ ಖರ್ಚು ಹೆಚ್ಚು, ನೋವೂ ಹೆಚ್ಚು. ಭರತಿಗೆ ಹೋಗುವ ಆಸೆ ಇದ್ದ ಹುಡುಗರಿಗೆ ಇದನ್ನ ಗುರುಗಳು ಎಂಟನೆತ್ತೆಯಾಗೇ ಹೇಳಿದರ ಚಲೋ.

ಅಳತೆ ನಮ್ಮ ಕೈಯಾಗ ಇರಲಿ

ಜಿಮ್ಮು ಬೇಡ ಅಂತ ನನ್ನ ಮಾತಲ್ಲ. ಕಬ್ಬಿಣ ಎತ್ತಿದರ ಪಾಪ ಇಲ್ಲ. ನಮ್ಮ ಹಿರಿಯರು ಸಂಗ್ರಾಣಿ ಕಲ್ಲು ಎತ್ತಿದರು, ಕಾರಹುಣ್ಣಿವಿಗೆ ಜೋಳದ ಚೀಲ ಎತ್ತಿದರು, ಇವರು ಬಾರ್ಬೆಲ್ ಎತ್ತುತಾರ. ಸ್ಪರ್ಧೆಯೂ ಇರಲಿ. ಆದರ ಮೈಗೆ ಅಂಕ ಕೊಡುವವರು ಬರೀ ಆ ಒಂದು ಸಂಜಿಯ ದೀಪದ ಬೆಳಕನ್ನ ನೋಡತಾರ. ಮರುದಿನ ಮುಂಜಾನೆ ನೋಡಲಿಕ್ಕೆ ವಸ್ತಾದ್ರು ಇಲ್ಲ. ಆ ಕೆಲಸ ಈಗ ಮನಿಯವರು, ಗುರುಗಳು, ಜಾತ್ರಿ ಪಂಚರು ಹಂಚಿಕೊಳ್ಳಬೇಕು.

ನನ್ನ ಸೂಚನೆ ಇಷ್ಟು. ಡಾಕ್ಟರ ಚೀಟಿ ಇಲ್ಲದ ಸೂಜಿ, ಗುಳಿಗಿ ಯಾವ ಅಂಗಡಿಯವರು ಕೊಟ್ಟರೂ ಬೇಡ ಅನ್ನಬೇಕು, ಮನಿಯಾಗ ಕಂಡರ ಕೇಳಬೇಕು. ಸ್ಪರ್ಧೆಗೆ ಹೋಗುವವರು ಮೊದಲು ಸರಕಾರಿ ದವಾಖಾನ್ಯಾಗ ಬಿಪಿ, ರಕ್ತ, ಕಿಡ್ನಿ ತೋರಿಸಿಕೊಳ್ಳಲಿ. ನೀರು ಬಿಡಿಸುವ ತಯಾರಿಯನ್ನ ಯಾರೂ ಮಾಡಿಸಬಾರದು. ತಿಂಗಳಿಗೆ ಒಂದು ಕಿಲೋ ಏರಿದರ ಸಂತೋಷ ಪಡ್ರಿ, ಎರಡು ಮೂರು ಕಿಲೋ ಏರಿದರ ಏನು ತಿಂತೀಯಪ್ಪಾ ಅಂತ ಕೇಳ್ರಿ. ನಮ್ಮ ಜಾತ್ರಿ ಪಂಚರು ಮುಂದಿನ ವರ್ಷದಿಂದ ಸಂಗ್ರಾಣಿ ಕಲ್ಲಿಗೆ, ಹುಡುಗಿಯರ ಕುಸ್ತಿಗೆ ಇನಾಮು ಇಡಲಿ. ಹಣಮಪ್ಪನ ಗುಡಿ ಹಿಂದಿನ ತಾಲೀಮಿನ ಮಾಳಿಗಿ ಸೋರತದ, ಆದರ ಗ್ವಾಡಿ ಗಟ್ಟಿ ಅದಾವ. ಎರಡು ಟ್ರಾಲಿ ಕೆಂಪು ಮಣ್ಣು ನಮ್ಮ ಹೊಲದಿಂದ ನಾನು ಕೊಡುತ್ತೇನೆ. ಎಲ್ಲ ಜಾತಿಯ ಹುಡುಗರು, ಹುಡುಗಿಯರು ಬರುವಂಗಿದ್ದರ ಮಾತ್ರ.